ಗೌಸಣ್ಣನ ಬೆಂಚಿನ ಮಧ್ಯದ ಜಾಗ

ನೆನೆಹಾಕಿದ ಅವರೆಕಾಳನ್ನು ಹಿಸುಕುತ್ತಾ ಕೂತಿದ್ದೆ. ಕಾಳು ಪಾತ್ರೆಗೆ, ಸಿಪ್ಪೆ ಹಾಳೆಯ ಮೇಲೆ. ಈ ಕೆಲಸಕ್ಕೆ ಬೆರಳು ಸಾಕು, ಕಣ್ಣು ಬೇಕಿಲ್ಲ. ಹಾಗಾಗಿ ಕಣ್ಣು ತನ್ನಷ್ಟಕ್ಕೆ ತಾನು ಹಾಳೆಯ ಮೇಲೆ ಓಡಾಡುತ್ತಿತ್ತು. ಸಿಪ್ಪೆ ಸರಿಸಿ ಸರಿಸಿ ಓದುತ್ತಾ ಅರ್ಧ ಪುಟ ಮುಗಿಸಿದ ಮೇಲೆ ಗೊತ್ತಾಯಿತು, ನಾನು ಹಾಸಿಕೊಂಡಿರುವುದು ಹಳೇ ಸಂಚಿಕೆಯಲ್ಲ, ಬೆಳಗ್ಗೆ ತಾನೇ ಬಂದ ಹೊಸ ‘ತಿರುವು’. ಸೊಸೆ ಶಶಿರೇಖಾ ಅಡುಗೆಮನೆಯ ಬಾಗಿಲಲ್ಲಿ ನಿಂತು ನೋಡಿದಳು.

“ಅತ್ತೆ, ನಾನಿನ್ನೂ ಅದರ ಮುಖಾನೇ ನೋಡಿಲ್ಲ. ನೀವಾಗಲೇ ಸ್ನಾನ ಮಾಡಿಸಿಬಿಟ್ರಾ?”

‘ತಿರುವು’ ನಮ್ಮೂರಿನ ಹಾಡಿನ ಪತ್ರಿಕೆ. ಹದಿನೈದು ದಿನಕ್ಕೊಮ್ಮೆ ಬರುತ್ತದೆ. ಬೇರೆ ಊರಿನವರಿಗೆ ಇಂಥದ್ದೆಲ್ಲ ಶೋಕಿ ಇರಬಹುದು, ನಮಗೆ ಅದು ಪಂಚಾಂಗ ಇದ್ದ ಹಾಗೆ. ಯಾಕೆಂದರೆ ನಮ್ಮೂರಿನಲ್ಲಿ ಹಾಡು ಬೀದಿಯ ತಿರುವಿನಲ್ಲಿ ನಿಂತುಬಿಡುತ್ತದೆ. ಮಾತು ದಾಟುತ್ತದೆ, ಜಗಳ ದಾಟುತ್ತದೆ, ಮೀನು ಹುರಿದ ವಾಸನೆಯನ್ನಂತೂ ಕೇಳುವುದೇ ಬೇಡ. ಹಾಡು ಮಾತ್ರ ದಾಟುವುದಿಲ್ಲ. ಬಾಯಲ್ಲಿ ಗುನುಗಿಕೊಂಡು ಹೊರಟರೂ ಅಷ್ಟೇ, ಮೂಲೆ ಬರುತ್ತಿದ್ದಂತೆ ರಾಗ ನಾಲಿಗೆಯಿಂದ ಜಾರಿ ಇಳಿದುಹೋಗುತ್ತದೆ. ಚೆನ್ನಾಗಿತ್ತು ಅನ್ನುವುದು ನೆನಪಿರುತ್ತದೆ. ಹೇಗಿತ್ತು ಅನ್ನುವುದು ಇರುವುದಿಲ್ಲ.

ಹಾಗಾಗಿ ಒಂದೊಂದು ಬೀದಿಗೂ ಒಂದೊಂದು ಬಗೆಯ ಹಾಡು ತಳವೂರಿದೆ. ರಂಗಗೀತೆಯ ಬೀದಿಯಲ್ಲಿ ಹಾಲಿನವನನ್ನು ಕರೆಯುವಾಗಲೂ ಕೊನೆಯ ಅಕ್ಷರವನ್ನು ಎಳೆಯುತ್ತಾರೆ. ಡಿಸ್ಕೋ ಬೀದಿಯಲ್ಲಿ ಕ್ಷೌರದಂಗಡಿಯ ಕುರ್ಚಿ ಒಂದು ನಿಮಿಷ ಸುಮ್ಮನಿರುವುದಿಲ್ಲ. ಕವ್ವಾಲಿ ಓಣಿ ಇದೆ, ಆರ್ಕೆಸ್ಟ್ರಾ ಬೀದಿ ಇದೆ, ಈಚೆಗೆ ಕಾಲೇಜಿನ ಹಿಂದಿನ ಅಡ್ಡರಸ್ತೆಯಲ್ಲಿ ಹುಡುಗರು ಉಸಿರು ಬಿಡದೆ ಪದ ಉರುಳಿಸುವ ರ‍್ಯಾಪ್ ಬಂದು ಕೂತಿದೆ. ಸೊಪ್ಪಿನ ಗಾಡಿಯವನ ಕೂಗು ತಿರುವಿಗೊಂದು ಥರ ಆಗುತ್ತದೆ. ನಾನಿರುವ ಭಾವಗೀತೆಯ ಬೀದಿಗೆ ಬಂದು ಅವನು ಮೆಂತ್ಯ, ದಂಟು ಎಂದು ಕೂಗಿದರೆ, ಏನಪ್ಪಾ, ಮನೆ ಕಡೆ ಎಲ್ಲಾ ಚೆನ್ನಾಗಿದ್ದಾರಾ ಎಂದು ಹೆಂಗಸರು ವಿಚಾರಿಸುತ್ತಾರೆ.

ಪಕ್ಕದ ಬೀದಿಯಲ್ಲಿ ಏನು ನಡೆದಿದೆ ಎಂದು ತಿಳಿಯಬೇಕಾದರೆ ಪತ್ರಿಕೆಯನ್ನೇ ಓದಬೇಕು. ಸಂಜೆ ಯಾವ ಬೀದಿಗೆ ಹೋಗೋಣ, ಮದುವೆಯನ್ನು ಯಾವ ಬೀದಿಯ ಛತ್ರದಲ್ಲಿ ಇಟ್ಟುಕೊಳ್ಳೋಣ, ಎಲ್ಲಾ ‘ತಿರುವು’ ನೋಡಿಯೇ ತೀರ್ಮಾನ. ವಿಮರ್ಶಕರು ಆಯಾ ಬೀದಿಯಲ್ಲೇ ಕೂತು ಬರೆದು ಮುಗಿಸಬೇಕು, ಇಲ್ಲದಿದ್ದರೆ ಕಚೇರಿ ಸೇರುವಷ್ಟರಲ್ಲಿ ‘ಚೆನ್ನಾಗಿತ್ತು’ ಒಂದೇ ಉಳಿದಿರುತ್ತದೆ. ಅದಕ್ಕೇ ಪ್ರತಿ ಲೇಖನದ ಕೆಳಗೆ ‘ಸ್ಥಳದಲ್ಲೇ ಬರೆದದ್ದು’ ಎಂದು ಅಚ್ಚು ಹಾಕುತ್ತಾರೆ. ಓದುಗರ ಪತ್ರಕ್ಕೂ ಅದೇ ನಿಯಮ. ಯಾವ ಬೀದಿಯ ಬಗ್ಗೆ ಬರೆಯುತ್ತೀರೋ ಆ ಬೀದಿಯಲ್ಲೇ ಕೂತು ಬರೆಯಿರಿ, ಮೇಲೆ ಬೀದಿಯ ಹೆಸರು ಹಾಕಿ.

ಆವತ್ತು ಸಿಪ್ಪೆಯ ಕೆಳಗಿದ್ದ ಲೇಖನ ಒಂದು ಹೊಸ ಪ್ರಕಾರದ ಬಗ್ಗೆ. ನಚಿಕೇತ ಎನ್ನುವ ಯುವಕ ಬರೆದದ್ದು. ಅದಕ್ಕೆ ಅವನೇ ‘ಮಂದಮೆರವಣಿಗೆ’ ಎಂದು ಹೆಸರಿಟ್ಟಿದ್ದ. ‘ಒಂದು ಕಡೆಯಿಂದ ವಿರಹದ ಸಾಲು ತಲೆ ತಗ್ಗಿಸಿ ನಡೆದು ಬರುತ್ತದೆ, ಇನ್ನೊಂದು ಕಡೆಯಿಂದ ಕ್ಲಾರಿಯೋನೆಟ್ ಅದರ ಹೆಗಲ ಮೇಲೆ ಕೈಹಾಕಿ, ಬಾರಯ್ಯ ಮದುವೆ ಊಟಕ್ಕೆ ಹೊತ್ತಾಯಿತು ಎನ್ನುತ್ತದೆ. ಅಳುವುದೋ ಕುಣಿಯುವುದೋ ತಿಳಿಯದೆ ಕೇಳುಗ ಟೀ ಲೋಟ ಹಿಡಿದು ಕೂತೇ ಇರುತ್ತಾನೆ.’ ಬಹಳ ಚೆನ್ನಾಗಿ ಬರೆದಿದ್ದ, ಇಲ್ಲ ಅನ್ನಬಾರದು. ಓದುತ್ತಾ ಓದುತ್ತಾ ನನ್ನ ಕೈ ನಿಂತಿತು. ಟೀ ಲೋಟ ಎಂದರೆ ಗೌಸಣ್ಣನ ಅಂಗಡಿ. ಗೌಸಣ್ಣನ ಅಂಗಡಿ ಎಂದರೆ ಆ ಬೆಂಚು. ಆ ಬೆಂಚು ನಮ್ಮ ಬೀದಿಯೂ ಬ್ಯಾಂಡ್‌ಸೆಟ್ಟಿನ ಬೀದಿಯೂ ಕೂಡುವ ತಿರುವಿನಲ್ಲಿ, ಎರಡು ಕಾಲು ಇತ್ತ ಎರಡು ಕಾಲು ಅತ್ತ ಇಟ್ಟುಕೊಂಡು ನಿಂತಿದೆ. ಈ ಮಗ ಬ್ಯಾಂಡ್‌ಸೆಟ್ಟಿನ ಬೀದಿಯ ಬಗ್ಗೆ ಬರೆಯಲು ಹೊರಟವನು ಟೀ ಕುಡಿಯಲು ಸರಿಯಾಗಿ ಬೆಂಚಿನ ನಡುವೆ ಕೂತಿದ್ದಾನೆ. ಬಲಗಿವಿಗೆ ನಮ್ಮ ಬೀದಿಯ ಮೂಲೆಮನೆಯಲ್ಲಿ ಹೆಣ್ಣುಮಕ್ಕಳು ಅಭ್ಯಾಸ ಮಾಡುವ ಭಾವಗೀತೆ. ಎಡಗಿವಿಗೆ ನನ್ನ ತಮ್ಮ ಬೆಟ್ಟಸ್ವಾಮಿಯ ಕ್ಲಾರಿಯೋನೆಟ್. ಸ್ಥಳದಲ್ಲೇ ಬರೆದದ್ದು ಎನ್ನುವುದು ಸುಳ್ಳೇನಲ್ಲ.

ನಕ್ಕುಬಿಡಬಹುದಿತ್ತು. ಆದರೆ ಲೇಖನದ ಕೊನೆಯಲ್ಲಿ ಸಂಪಾದಕರ ಟಿಪ್ಪಣಿ ಇತ್ತು. ವಾರ್ಷಿಕ ಸಂಚಿಕೆಯಲ್ಲಿ ಇದುವರೆಗೆ ಬ್ಯಾಂಡ್‌ಸೆಟ್ಟಿನ ಬೀದಿಗೆ ಮೀಸಲಾಗಿದ್ದ ಪುಟವನ್ನು ಈ ಸಲದಿಂದ ಮಂದಮೆರವಣಿಗೆಗೆ ಕೊಡಲಾಗುವುದು, ಬ್ಯಾಂಡಿನ ಬಗ್ಗೆ ಬಹುಕಾಲದಿಂದ ಯಾರೂ ಬರೆದಿಲ್ಲ, ಆಕ್ಷೇಪವಿದ್ದವರು ಶನಿವಾರ ಸಂಜೆಯ ಟಪಾಲಿನೊಳಗೆ ತಿಳಿಸಬಹುದು.

ಆ ಬೀದಿಯಲ್ಲಿ ಈಗ ಉಳಿದಿರುವ ಬ್ಯಾಂಡ್ ಎಂದರೆ ಬೆಟ್ಟಸ್ವಾಮಿ ಮತ್ತು ಅವನ ಜೊತೆ ಡ್ರಮ್ ಬಾರಿಸುವ ಇಬ್ಬರು. ಡಿಸ್ಕೋ ಬೀದಿಯ ಹೋಟೆಲಿನವರೊಬ್ಬರು ಅವನ ಕ್ಲಾರಿಯೋನೆಟ್ಟನ್ನು ಗಲ್ಲಾಪೆಟ್ಟಿಗೆಯ ಹಿಂದಿನ ಗೋಡೆಗೆ ನೇತುಹಾಕಿ, ಸುತ್ತ ಬಣ್ಣದ ದೀಪ ಬಿಡುತ್ತೇವೆ ಎಂದು ಕೇಳಿದ್ದರು. ವಾರ್ಷಿಕ ಸಂಚಿಕೆಯಲ್ಲಿ ನಮಗೆ ಪುಟ ಸಿಕ್ಕಿದರೆ ಕೊಡುವುದಿಲ್ಲ, ಸಿಗದಿದ್ದರೆ ತೆಗೆದುಕೊಂಡು ಹೋಗಿ ಎಂದು ಇವನು ಮಾತು ಕೊಟ್ಟುಬಿಟ್ಟಿದ್ದ. ಅದು ನಮ್ಮಪ್ಪ ಊದುತ್ತಿದ್ದ ವಾದ್ಯ. ತಿರುವು ದಾಟಿ ಹೋದರೆ ಅದರೊಳಗೆ ಡಿಸ್ಕೋ ಬೀದಿಯ ಗಾಳಿ ತುಂಬಿಕೊಳ್ಳುತ್ತದೆಯೇ ಹೊರತು ನಮ್ಮ ಹಾಡು ಇರುವುದಿಲ್ಲ.

ಮಾರನೆಯ ದಿನ ಹಿಸುಕಿದ ಬೇಳೆಯ ಸಾರನ್ನು ಕ್ಯಾರಿಯರ್‌ಗೆ ಹಾಕಿಕೊಂಡು ತಮ್ಮನ ಮನೆಗೆ ಹೊರಟೆ. ತಿರುವಿನಲ್ಲಿ ಜಾತ್ರೆ. ಬೆಂಚಿನ ನಡುವೆ ಸೀಮೆಸುಣ್ಣದಿಂದ ಒಂದು ಗೆರೆ ಎಳೆದು, ಒಂದು ಟೀ ಮುಗಿಯುವವರೆಗೆ ಒಬ್ಬರು ಎಂದು ಗೌಸಣ್ಣ ಕಟ್ಟಳೆ ಮಾಡಿದ್ದ. ಜನ ಟೀ ಕುಡಿಯುತ್ತಲೇ ಇರಲಿಲ್ಲ. ಲೋಟದ ಮೇಲೆ ಕೆನೆ ಕಟ್ಟಿ, ಕೆನೆಯ ಮೇಲೆ ನೊಣ ಕೂತರೂ ಅದನ್ನು ತುಟಿಗೆ ತಾಗಿಸಿ ತಾಗಿಸಿ ಇಳಿಸುತ್ತಿದ್ದರು. ದಪ್ಪನೆಯ ವಕೀಲರೊಬ್ಬರು ಕೂತರೆ ಗೆರೆಯೇ ಕಾಣದೆ, ಇವರ ನಡು ಯಾವುದು ಎಂದು ಚರ್ಚೆಯಾಯಿತು. ಎಡಗಿವಿ ಮಂದವಾಗಿದ್ದ ನಿವೃತ್ತ ಹೆಡ್‌ಮಾಸ್ತರರು, ಇದರಲ್ಲಿ ಹೊಸದೇನಿದೆ ಮಣ್ಣು, ದಿನಾ ನಮ್ಮನೆಯಲ್ಲಿ ಕೇಳುವುದೇ ಎಂದು ಎದ್ದುಹೋದರು.

“ಏನ್ ಮಾಡ್ಲಿ ಹೇಳಕ್ಕ,” ಎಂದ ಗೌಸಣ್ಣ ನನ್ನ ಕಂಡು. “ನಡೂಮಧ್ಯ ಅನ್ನೋದು ಒಂದೇ ಐತೆ. ಕಿವಿ ನೋಡಿದ್ರೆ ಊರಿನಷ್ಟು ಬಂದವೆ.”

ವಯಸ್ಸಾದವರು ಎಂದು ಯಾರೋ ನನ್ನನ್ನೇ ನಡುವೆ ಕೂರಿಸಿದರು. ಬೇಡ ಬೇಡ ಎನ್ನುತ್ತಲೇ ಕೂತೆ. ಆಮೇಲೆ ಏನಾಯಿತು ಎನ್ನುವುದನ್ನು ನಚಿಕೇತನಷ್ಟು ಚೆನ್ನಾಗಿ ಹೇಳಲಾರೆ. ನಾನು ಬ್ಯಾಂಡ್‌ಸೆಟ್ಟಿನ ಬೀದಿಯಲ್ಲಿ ಹುಟ್ಟಿ, ಭಾವಗೀತೆಯ ಬೀದಿಗೆ ಸೊಸೆಯಾಗಿ ಬಂದವಳು. ತವರಿನಲ್ಲಿದ್ದಾಗ ಗಂಡನ ಮನೆಯ ಹಾಡಿಲ್ಲ, ಗಂಡನ ಮನೆಯಲ್ಲಿದ್ದಾಗ ತವರಿನದಿಲ್ಲ. ಇಲ್ಲಿನ ಹೆಣ್ಣುಮಕ್ಕಳಿಗೆಲ್ಲಾ ಹಾಗೇ, ಅದನ್ನು ಯಾರೂ ಕಷ್ಟ ಎಂದು ಎಣಿಸುವುದಿಲ್ಲ. ಆವತ್ತು ಎಡಗಡೆ ನಮ್ಮಪ್ಪನ ವಾದ್ಯ, ಬಲಗಡೆ ನನ್ನ ಯಜಮಾನರು ಸಂಜೆಯ ಹೊತ್ತು ಕಣ್ಣುಮುಚ್ಚಿ ಕೇಳುತ್ತಿದ್ದ ಸಾಲು, ಎರಡೂ ಒಟ್ಟಿಗೆ ಬಂದು ನನ್ನ ತಲೆಯೊಳಗೆ ಭೇಟಿಯಾಗಿ ಕುಶಲ ಕೇಳಿಕೊಂಡವು. ನನ್ನ ಮದುವೆಯಲ್ಲೂ ಆ ಎರಡು ಕಡೆಯವರು ಅಷ್ಟು ವಿಶ್ವಾಸದಿಂದ ಇರಲಿಲ್ಲ. ಕೊನೆಗೆ ಗೌಸಣ್ಣ, ಅಕ್ಕ, ಲೋಟ ಖಾಲಿಯಾಗಿ ಬಹಳ ಹೊತ್ತಾಯ್ತು ಎಂದು ಮೆಲ್ಲಗೆ ನೆನಪಿಸಬೇಕಾಯಿತು.

ಹಾಗಾಗಿ ಮಂದಮೆರವಣಿಗೆ ಸುಳ್ಳು, ಮೋಸ ಎಂದು ಹೇಳುವ ಬಾಯಿ ನನಗೆ ಉಳಿಯಲಿಲ್ಲ.

ಬೆಟ್ಟಸ್ವಾಮಿಯ ಮನೆ ಅಲ್ಲಿಂದ ಮೂರನೆಯದು. ಜಗಲಿಯ ಮೇಲೆ ಕೂತು ಕ್ಲಾರಿಯೋನೆಟ್ಟಿನ ಬಾಯಿಗೆ ಸಿಕ್ಕಿಸುವ ರೀಡನ್ನು ಒರೆಸುತ್ತಿದ್ದ. ಅವನಿಗೆ ಬೆಂಚಿನ ಗುಂಪು ಕಾಣುತ್ತಿತ್ತು, ಬೆಂಚಿನ ಹಾಡು ಕೇಳುತ್ತಿರಲಿಲ್ಲ. ಎರಡು ದಿನದಿಂದ ಜನ ತಿರುವಿನ ತನಕ ಬಂದು, ಒಳಗೆ ಕಾಲಿಡದೆ, ಅಲ್ಲೇ ಕೂತು ಎದ್ದು ಹೋಗುತ್ತಿರುವುದನ್ನು ನೋಡಿ ನೋಡಿ ಸೋತಿದ್ದ.

“ಅವ್ರೆಲ್ಲ ಯಾಕಕ್ಕ ಕಣ್ಣು ಮುಚ್ಕಂಡು ಕೂರ್ತಾರೆ?” ಎಂದು ಕೇಳಿದ. “ನನ್ ಮೊಕ ನೋಡಕ್ಕಾಗ್ದೇನಾ?”

ವಿಷಯವೆಲ್ಲಾ ಬಿಡಿಸಿ ಹೇಳಿದೆ. ಅವರು ಕೇಳುತ್ತಿರುವುದು ನಿನ್ನನ್ನೇ, ಒಂದು ಕಿವಿಯಲ್ಲಿ ನೀನು ಇನ್ನೊಂದರಲ್ಲಿ ನಮ್ಮ ಬೀದಿ ಎಂದು ವಿವರಿಸಿದೆ. ಖುಷಿಪಡುತ್ತಾನೆ ಎಂದುಕೊಂಡಿದ್ದೆ. ಅವನು ಕ್ಯಾರಿಯರ್‌ನ ಮುಚ್ಚಳ ತೆಗೆದು, ಸಾರನ್ನು ಮೂಸಿ, ಮತ್ತೆ ಮುಚ್ಚಿದ.

“ಅಂದ್ರೆ ನಾನು ಒಗ್ಗರಣೆ,” ಎಂದ. “ಇರ್ಲಿ ಬಿಡಕ್ಕ. ಹೋಟೆಲ್‌ನೋರು ದೀಪ ಹಾಕ್ತಾರಂತೆ. ಅಲ್ಲಾದ್ರೂ ಪೂರ್ತಿ ಕಾಣಿಸ್ತದೆ.”

ಅವನು ಕೋಪ ಮಾಡಿಕೊಂಡಿದ್ದರೆ ಸಮಾಧಾನ ಹೇಳಬಹುದಿತ್ತು. ಈ ಥರ ಮೆತ್ತಗೆ ಮಾತಾಡಿದರೆ ನನಗೆ ತಡೆಯುವುದಿಲ್ಲ. ಚಿಕ್ಕವನಿದ್ದಾಗಲೂ ಹಾಗೇ, ಬಿದ್ದು ಮಂಡಿ ತರಚಿಕೊಂಡರೆ ಅಳುತ್ತಿರಲಿಲ್ಲ, ಬಂದು ನನ್ನ ಸೆರಗು ಹಿಡಿದು ಸುಮ್ಮನೆ ನಿಲ್ಲುತ್ತಿದ್ದ. ಆಕ್ಷೇಪದ ಕಾಗದ ನಾನು ಬರೆಯುತ್ತೇನೆ ಎಂದೆ. ಅವನಿಗೆ ನಗು ಬಂತು. ನಾನು ವರ್ಷಗಟ್ಟಲೆ ಮುಗಿಸದೆ ಇಟ್ಟಿದ್ದ ಒಂದು ಕಾಗದದ ವಿಷಯ ಅವನಿಗೆ ಗೊತ್ತಿತ್ತು.

ನಾನು ಓದು ಬರಹ ಕಲಿತದ್ದು ಮೊಮ್ಮಗ ಹುಟ್ಟಿದ ಮೇಲೆ, ರಾತ್ರಿ ಶಾಲೆಯಲ್ಲಿ. ಒಮ್ಮೆ ಮೇಷ್ಟ್ರು, ನೀವು ಯಾರಿಗಾದರೂ ಬರೆಯಬೇಕು ಎಂದು ಬಹಳ ದಿನದಿಂದ ಅಂದುಕೊಂಡಿದ್ದರೆ ಅವರಿಗೊಂದು ಕಾಗದ ಬರೆಯಿರಿ ಎಂದರು. ಒಬ್ಬಾಕೆ ಅಳಿಯನಿಗೆ ಬೈದು ಬರೆದಳು. ಇನ್ನೊಬ್ಬಾಕೆ ಗ್ಯಾಸ್ ಕಂಪನಿಗೆ ಬರೆದಳು, ಅವಳಿಗೆ ಉತ್ತರವೂ ಬಂತು. ನಾನು ‘ತಿರುವು’ ಪತ್ರಿಕೆಗೆ ಬರೆದೆ. ‘ಸಂಪಾದಕರಿಗೆ ನಮಸ್ಕಾರ. ಬ್ಯಾಂಡ್‌ಸೆಟ್ಟಿನ ಬೀದಿಯ ಹಾಡು ಹೇಗಿರುತ್ತದೆ ಎಂದರೆ’. ಅಲ್ಲಿಗೆ ನಿಂತಿತು. ಶಾಲೆ ಇದ್ದದ್ದು ಆರ್ಕೆಸ್ಟ್ರಾ ಬೀದಿಯಲ್ಲಿ, ಅಲ್ಲಿ ಕೂತರೆ ನೆನಪಿಗೆ ಬರುವುದಾದರೂ ಹೇಗೆ. ಸರಿ ಎಂದು ಕಾಗದ ಹಿಡಿದು ತವರಿಗೆ ಹೋಗುತ್ತಿದ್ದೆ. ಅಲ್ಲಿ ತಮ್ಮ ಊದಲು ಶುರುಮಾಡಿದರೆ ಪೆನ್ನು ಕೆಳಗಿಟ್ಟು ಕೇಳುತ್ತಾ ಕೂರುತ್ತಿದ್ದೆ. ಅವನು ನಿಲ್ಲಿಸಿದ ಮೇಲೆ ಬರೆಯೋಣವೆಂದರೆ ಊಟಕ್ಕೆ ಎಬ್ಬಿಸುತ್ತಿದ್ದರು. ಊಟವಾದ ಮೇಲೆ ನಿದ್ದೆ. ಹೀಗೇ ವರ್ಷಗಳು ಕಳೆದು, ಕಾಗದ ಗುಂಡಿ ಸೂಜಿ ಇಡುವ ಡಬ್ಬಿ ಸೇರಿತ್ತು. ಶಶಿರೇಖಾ ಆಗಾಗ, ಅತ್ತೆ, ‘ಎಂದರೆ’ ಮುಂದಕ್ಕೆ ಹೋಯಿತಾ ಎಂದು ಕೇಳುತ್ತಿದ್ದಳು.

ಶನಿವಾರ ಅವಳೇ ಡಬ್ಬಿಯಿಂದ ಕಾಗದ ತೆಗೆದು, ಲಕೋಟೆಗೆ ವಿಳಾಸ ಬರೆದು, ಅಂಚೆಚೀಟಿ ಅಂಟಿಸಿ ನನ್ನ ಕೈಗಿಟ್ಟಳು. ಮಧ್ಯಾಹ್ನದ ಅಡುಗೆ ತಾನು ಮಾಡುತ್ತೇನೆ, ನೀವು ಅಲ್ಲಿ ಊಟಕ್ಕೆ ಮಾತ್ರ ಏಳಬೇಡಿ ಎಂದು ತಾಕೀತು ಮಾಡಿದಳು. ತಮ್ಮನ ಜಗಲಿಯ ಮೇಲೆ ಮಣೆ ಹಾಕಿಕೊಂಡು ಕೂತೆ. ಊದು ಎಂದೆ. ಕೇಳುವವರಿಲ್ಲದೆ ಏನು ಊದಲಿ ಎಂದ. ನಾನು ಕೇಳುವವಳಲ್ಲ, ಬರೆಯುವವಳು, ಊದು ಎಂದೆ.

ಊದಿದ. ಡ್ರಮ್ಮಿನ ಹುಡುಗರೂ ಬಂದು ಸೇರಿಕೊಂಡರು. ಎಂದಿನಂತೆ ನನ್ನ ಪೆನ್ನು ನಿಂತಿತು. ಜೇನಿನ ಹಾಗೆ ಎಂದು ಬರೆಯಲು ಹೋದೆ, ಅದು ಜೇನಲ್ಲ. ಬೆಳ್ಳಿ ತಂತಿಯ ಹಾಗೆ ಎಂದು ಬರೆದೆ, ಹೊಡೆದುಹಾಕಿದೆ. ನಚಿಕೇತನ ಹಾಗೆ ಬರೆಯಲು ನನ್ನಿಂದ ಆಗುವುದಿಲ್ಲ. ಇನ್ನೇನು ಮಾಡುವುದು ಎಂದು ಬೀದಿಯ ಕಡೆ ನೋಡಿದೆ. ನೋಡುತ್ತಾ ನೋಡುತ್ತಾ, ಅಯ್ಯೋ, ಇದನ್ನೇ ಬರೆದರಾಯಿತಲ್ಲ ಅನಿಸಿತು.

‘ಬ್ಯಾಂಡ್‌ಸೆಟ್ಟಿನ ಬೀದಿಯ ಹಾಡು ಹೇಗಿರುತ್ತದೆ ಎಂದರೆ, ನನಗೆ ಹೇಳಲು ಬರುವುದಿಲ್ಲ. ಅದು ಶುರುವಾದರೆ ಇಲ್ಲಿ ಏನಾಗುತ್ತದೆ ಎಂದು ಹೇಳಬಲ್ಲೆ. ಈಗ ತಾನೇ ಎದುರುಮನೆಯವರು ಒಂದು ಕೆನ್ನೆ ಕ್ಷೌರ ಮಾಡಿಕೊಂಡು ಇನ್ನೊಂದು ಕೆನ್ನೆಯ ನೊರೆಯ ಸಮೇತ ಬಾಗಿಲಿಗೆ ಬಂದಿದ್ದಾರೆ. ಪಕ್ಕದ ಮನೆಯಲ್ಲಿ ಅತ್ತೆ ಸೊಸೆ ಜಗಳ ನಿಲ್ಲಿಸಿಲ್ಲ, ಆದರೆ ಜಗಳ ತಾಳಕ್ಕೆ ಬಂದಿದೆ. ನನ್ನ ಮಗ ಕೂಸಾಗಿದ್ದಾಗ ನಮ್ಮ ಬೀದಿಯಲ್ಲಿ ಮಲಗುತ್ತಿರಲಿಲ್ಲ. ಇಲ್ಲಿಗೆ ಎತ್ತಿಕೊಂಡು ಬಂದರೆ ಡ್ರಮ್ಮಿನ ಪಕ್ಕದಲ್ಲೇ ನಿದ್ದೆ ಹೋಗುತ್ತಿದ್ದ. ಈಗಲೂ ಈ ಬೀದಿಗೆ ಬಂದರೆ ಆಕಳಿಸುತ್ತಾನೆ, ಅವನ ಸೋದರಮಾವ ಬೆಟ್ಟಸ್ವಾಮಿಗೆ ಬೇಜಾರಾಗುತ್ತದೆ. ಮಲಗಿದ ಕೂಸನ್ನು ಎತ್ತಿಕೊಂಡು ಹಿಂದಿರುಗುವಾಗ ತಿರುವಿನಲ್ಲಿ ಹಾಡು ನಿಂತುಹೋಗಿ ಎಚ್ಚರವಾಗುತ್ತಿದ್ದ. ಆಗ ನಾನು ಕಂಡುಕೊಂಡದ್ದು ಒಂದಿದೆ. ಹಾಡು ದಾಟುವುದಿಲ್ಲ, ಹೆಜ್ಜೆ ದಾಟುತ್ತದೆ. ಇಲ್ಲಿ ಕಾಲಿಗೆ ಹತ್ತಿದ ನಡಿಗೆಯನ್ನು ಬಿಡದೆ ಮನೆಯವರೆಗೆ ನಡೆದರೆ ಕೂಸು ಏಳುತ್ತಿರಲಿಲ್ಲ. ನನ್ನ ಯಜಮಾನರು ಪೇಪರಿನಿಂದ ತಲೆ ಎತ್ತದೆಯೇ, ತವರಿಗೆ ಹೋಗಿದ್ದೆಯಾ, ನಿನ್ನ ಕಾಲು ಹೇಳುತ್ತಿದೆ ಎನ್ನುತ್ತಿದ್ದರು. ಬೆಂಚಿನ ಮೇಲಿನ ಹಾಡನ್ನು ನಾನೂ ಕೂತು ಕೇಳಿದ್ದೇನೆ, ಅದಕ್ಕೆ ನೀವು ಪುಟ ಕೊಡಿ, ತಪ್ಪಿಲ್ಲ. ಆದರೆ ಅದರ ಎಡಗಡೆಯದು ಬೆಟ್ಟಸ್ವಾಮಿಯದು, ಅವನ ಪುಟ ಅವನಿಗಿರಲಿ. ಅರ್ಧ ಕೇಳಿದವರು ಎದ್ದು ನಾಲ್ಕು ಹೆಜ್ಜೆ ಒಳಗೆ ಬಂದರೆ ಪೂರ್ತಿ ಇಲ್ಲಿದೆ. ಬರುವಾಗ ಇನ್ನೊಂದು ಕಿವಿಯನ್ನೂ ಕರೆದುಕೊಂಡು ಬನ್ನಿ. ಇಂತಿ, ಪುಟ್ಟನಂಜಮ್ಮ.’

ಮೇಲೆ ಬೀದಿಯ ಹೆಸರು ಹಾಕಿದೆ. ತಮ್ಮ ಬಗ್ಗಿ ನೋಡಿ, ಇಷ್ಟುದ್ದ ಏನಕ್ಕ ಬರೆದೆ ಎಂದ. ನಿನಗೆ ಆಮೇಲೆ ಅಚ್ಚಿನಲ್ಲಿ ತೋರಿಸುತ್ತೇನೆ, ನೀನು ನಿಲ್ಲಿಸಬೇಡ ಎಂದು ಹೇಳಿ ಎದ್ದೆ.

ತಿರುವಿಗೆ ಬಂದರೆ ಬೆಂಚಿನ ಗೆರೆಯ ಮೇಲೆ ನಚಿಕೇತನೇ ಕೂತಿದ್ದ. ಬರೆದವನು ಇವನೇ ಎಂದು ಗೌಸಣ್ಣ ಕಣ್ಣಲ್ಲಿ ತೋರಿಸಿದ. ಗಡ್ಡ ಸರಿಯಾಗಿ ಬಂದಿರದ ಹುಡುಗ, ಕುತ್ತಿಗೆಯನ್ನು ಎಡಕ್ಕೊಮ್ಮೆ ಬಲಕ್ಕೊಮ್ಮೆ ವಾಲಿಸುತ್ತಾ ಏನೋ ಬರೆದುಕೊಳ್ಳುತ್ತಿದ್ದ. ವಾರ್ಷಿಕ ಸಂಚಿಕೆಯ ಪುಟಕ್ಕೇ ಇರಬೇಕು. ಒಂದು ಗಳಿಗೆ ಹಿಂಜರಿದೆ. ಆಮೇಲೆ, ಅವನಿಗೆ ತಿಳಿಯದ ಹಾಗೆ ಕಳಿಸುವುದು ಚೆನ್ನಾಗಿರುವುದಿಲ್ಲ ಎಂದುಕೊಂಡು, ಕಾಗುಣಿತ ನೋಡಿಕೊಡುತ್ತೀಯಾ ಮಗ ಎಂದು ಕಾಗದ ಕೈಗೆ ಕೊಟ್ಟೆ.

ಅವನು ಓದಿದ. ಇನ್ನೊಮ್ಮೆ ಓದಿದ. ತನ್ನ ಎಡಗಡೆ ತಿರುಗಿ ಮೂರನೇ ಮನೆಯ ಜಗಲಿಯನ್ನು, ಆಮೇಲೆ ಬೆಂಚಿನ ಕಾಲುಗಳನ್ನು ನೋಡಿದ. ಕಿವಿ ಕೆಂಪಾಯಿತು, ಯಾವುದೆಂದು ಕೇಳಿದರೆ ಎರಡೂ.

“ಅಜ್ಜಿ, ಇದು ಅಚ್ಚಾದ್ರೆ ನನ್ನ ಮಂದಮೆರವಣಿಗೆ ಸತ್ತು ಹೋಗುತ್ತೆ.”

“ಸಾಯೋದ್ಯಾಕೆ? ಅಪ್ಪ ಅವ್ವ ಯಾರು ಅಂತ ತಿಳೀತದೆ, ಅಷ್ಟೇ.”

ಸುತ್ತ ನಿಂತವರು ನಕ್ಕರು. ಅವನು ನಗಲಿಲ್ಲ, ಆದರೆ ಮುನಿಸಿಕೊಳ್ಳಲೂ ಇಲ್ಲ. ಒಂದು ಕಡೆ ಒತ್ತು ಬಿಟ್ಟುಹೋಗಿತ್ತು, ಅದನ್ನು ತನ್ನ ಪೆನ್ನಿನಿಂದ ತಿದ್ದಿ, ಕಾಗದ ಮಡಿಸಿ, ತಾನೇ ಕಚೇರಿಗೆ ತೆಗೆದುಕೊಂಡು ಹೋಗಿ ಕೊಡುವುದಾಗಿ ಹೇಳಿದ. ಒಳ್ಳೆಯ ಹುಡುಗ. ಆದರೂ ಇಷ್ಟು ವರ್ಷ ಕಾದ ಕಾಗದವನ್ನು ಇನ್ನೊಬ್ಬರ ಜೇಬಿಗೆ ಹಾಕಲು ನನಗೆ ಮನಸ್ಸು ಬರಲಿಲ್ಲ. ನಾನೇ ಹಾಕುತ್ತೇನೆ, ನೀನು ಬೇಕಾದರೆ ಟೀ ಮುಗಿಸು ಎಂದೆ. ಅವನು ಲೋಟ ನೋಡಿದ, ಬೆಂಚು ನೋಡಿದ. ಲೋಟದ ಸಮೇತ ಎದ್ದು ನಿಂತ. ಅವನ ಬೆನ್ನು ತಿರುಗುವಷ್ಟರಲ್ಲಿ ದಪ್ಪನೆಯ ವಕೀಲರು ಗೆರೆಯ ಮೇಲೆ ಕೂತಾಗಿತ್ತು.

ಟಪಾಲು ಡಬ್ಬ ಇರುವುದು ನಮ್ಮ ಬೀದಿಯ ಕಡೆ, ಅಂಗಡಿಯಿಂದ ಆಚೆ. ಟಪಾಲಿನವನ ಸೈಕಲ್ ದೂರದಲ್ಲಿ ಕಾಣುತ್ತಿತ್ತು. ತಿರುವು ದಾಟಿದೆ. ಹಾಡು ನಿಂತಿತು, ಏನು ಕೇಳುತ್ತಿದ್ದೆ ಎನ್ನುವುದೂ ಹೋಯಿತು. ಕಾಲು ಮಾತ್ರ ಆ ಬೀದಿಯ ನಡಿಗೆಯಲ್ಲೇ ಡಬ್ಬದವರೆಗೆ ಕರೆದುಕೊಂಡು ಹೋಯಿತು. ಲಕೋಟೆಯ ಬಾಯನ್ನು ನಾಲಿಗೆಯಿಂದ ಒದ್ದೆ ಮಾಡಿ ಅಂಟಿಸಿ, ಹಾಕುವ ಮೊದಲು ಒಮ್ಮೆ ತಿರುಗಿ ನೋಡಿದೆ. ಮೂರನೇ ಮನೆಯ ಜಗಲಿ ಅಲ್ಲಿಂದ ಕಾಣುತ್ತದೆ. ಬೆಟ್ಟಸ್ವಾಮಿಯ ಎರಡೂ ಕೆನ್ನೆ ಉಬ್ಬಿದ್ದವು. ಅವನ ಮುಂದೆ, ಬೀದಿಯ ನಟ್ಟನಡುವೆ, ನಚಿಕೇತ ಲೋಟ ಹಿಡಿದು ನಿಂತಿದ್ದ. ಟೀ ಕುಡಿಯುವುದನ್ನು ಮರೆತಿದ್ದ, ಬಲಗಾಲು ನೆಲ ತಟ್ಟುತ್ತಿತ್ತು. ಬೆಂಚಿನ ಹತ್ತಿರ ಸರದಿಗೆ ನಿಂತಿದ್ದವರಲ್ಲಿ ಒಬ್ಬಾಕೆ ಕುತ್ತಿಗೆ ಉದ್ದ ಮಾಡಿ ಆ ಕಡೆ ನೋಡಿ, ಸೆರಗು ಸರಿಮಾಡಿಕೊಂಡು ಒಂದು ಹೆಜ್ಜೆ ಒಳಗಿಟ್ಟಳು.

ನನಗೆ ಅದರಲ್ಲಿ ಏನೂ ಕೇಳಿಸುತ್ತಿರಲಿಲ್ಲ. ಲಕೋಟೆ ಡಬ್ಬದ ತಳಕ್ಕೆ ಬಿದ್ದ ಸದ್ದು ಮಾತ್ರ ಕೇಳಿಸಿತು.